ಏಳು ಗಂಟೆಯ ಕಡೆಯುಸಿರು

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಇವತ್ತೂ ಆಫೀಸಿನ ಬಾತ್‌ರೂಮಿನಲ್ಲಿ ವಾಂತಿ. ಮುಖ ತೊಳೆದು ಬಂದರೆ ನನ್ನ ಮೇಜಿನ ಹತ್ತಿರ ರಾಜೇಂದ್ರನ್ ಸರ್ ನಿಂತಿದ್ದರು. ಏನೂ ಕೇಳಲಿಲ್ಲ. ಮೂರು ಮಕ್ಕಳ ತಂದೆ, ಗೊತ್ತಾಗಿರುತ್ತದೆ. ಮ್ಯಾನೇಜರ್ ಅಂದಮೇಲೆ ಕೆಲಸ ಕೊಡದೆ ಹೋಗುತ್ತಾರೆಯೇ, ಕೊಟ್ಟು ಹೋದರು.

ಕೆಲಸ ಇದು. ನಮ್ಮ ಕಂಪನಿಯ ಇಂಟರ್ನೆಟ್ ಲೈನ್ ಇರುವ ಹಳ್ಳಿಗಳಲ್ಲಿ ಯಾವ ಮನೆಗೆ ಬಿಡದೆ ಮೂರು ದಿನ, ಅಥವಾ ಅದಕ್ಕಿಂತ ಹೆಚ್ಚು, ನೆಟ್ ಹೋಗಿದೆ ಅಂತ ಹುಡುಕುವ ಕ್ವೆರಿ ಬರೆಯಬೇಕು. ಒಂದು ದಿನ ಹೋದರೆ ಜನ ಬೈದು ಸುಮ್ಮನಾಗುತ್ತಾರೆ. ಬಿಡದೆ ಮೂರು ದಿನ ಹೋದರೆ ಕನೆಕ್ಷನ್ನೇ ಬಿಡುತ್ತಾರೆ. ಅಷ್ಟರೊಳಗೆ ನಮ್ಮ ಆಳು ಅವರ ಬಾಗಿಲಲ್ಲಿರಬೇಕು.

ಸುಲಭ ಅಂತ ಕಾಣುತ್ತದೆ. "ಹೋಗಿದೆಯಾ" ಅಂತ ಕೇಳುವುದು ಸುಲಭವೇ. "ಬಿಡದೆ ಹೋಗಿದೆಯಾ" ಅಂತ ಕೇಳುವುದು ಕಷ್ಟ. ಡೇಟಾ ಟೇಬಲ್ಲಿನ ಒಂದು ಸಾಲಿಗೆ ಇನ್ನೊಂದು ಸಾಲಿನ ನೆನಪಿಲ್ಲ. ನಿನ್ನೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ... ಪುಣ್ಯವಂತ.

ಅದೇ ದಿನ, ಸಂಜೆ

ಏಳು ಗಂಟೆಯ ಕಾಲ್ ಮುಗಿಯಿತು. ನಿತ್ಯಾ ಮದುವೆಯಾಗಿ ಧಾರಾಪುರಂ ಕಡೆ ಹೋದಾಗಿನಿಂದ ಏಳು ಅಂದರೆ ವಿಡಿಯೋ ಕಾಲ್. ಅಮ್ಮನಿಗೆ ಕಾಫಿ ತಪ್ಪಿದರೂ ನಡೆದೀತು, ತಂಗಿಯ ಮುಖ ತಪ್ಪಬಾರದು.

ಕೆಲವು ವಾರಗಳಿಂದ ನಾನು ಫೋನನ್ನು ಕುತ್ತಿಗೆಯಿಂದ ಮೇಲಕ್ಕೇ ಹಿಡಿಯುತ್ತೇನೆ. ಅಮ್ಮನ ಆರ್ಡರ್. ಐದು ತಿಂಗಳು ತುಂಬುವ ತನಕ ನಿತ್ಯಾಗೆ ಗೊತ್ತಾಗಬಾರದು. ಅವಳಿಗೆ ಎರಡು ಸಲ ನಿಂತದ್ದು ಎರಡು ಸಲವೂ ಹೋಯಿತು, ಎರಡನೆಯದು ಕಳೆದ ದೀಪಾವಳಿಗೆ. ಗಾಯ ಇನ್ನೂ ಹಸಿ. ಈಗ ಹೇಳಿ ಅಳಿಸುವುದೇಕೆ ಅಂತ ನಾನೂ ಒಪ್ಪಿಕೊಂಡೆ.

ಇವತ್ತು ಸ್ವಲ್ಪದರಲ್ಲಿ ಸಿಕ್ಕಿಬೀಳುತ್ತಿದ್ದೆ. ಚಮಚ ಕೆಳಗೆ ಬಿತ್ತು, ಬಗ್ಗಿದೆ. ಅಡುಗೆಮನೆಯಿಂದ ಅಮ್ಮನ ಕೂಗು: "ಏ ಜಯಾ, ಬಗ್ಗಬ್ಯಾಡ. ಬಿಡು, ನಾ ಎತ್ತಿ ಕೊಡ್ತೀನಿ."

ನಿತ್ಯಾ ಫೋನಿನ ಹತ್ತಿರಕ್ಕೆ ಮುಖ ತಂದಳು. "ಯಾಕಕ್ಕಾ, ಬಗ್ಗಬಾರದಾ?"

"ಬೆನ್ನು ಹಿಡ್ಕೊಂಡದೆ ಡಿ. ಆಫೀಸ್ ಚೇರು ಸರಿಯಿಲ್ಲ."

"ಉಷಾರಾಗಿರಕ್ಕಾ" ಅಂದಳು. ಅಷ್ಟೆ. ಬಚಾವು.

ಕೊನೆಗೆ ಅಮ್ಮ ಎಂದಿನಂತೆ, "ಸರಿ ಕಣ್ಣು, ಉಂಡು ಮಲ್ಕೋ." ನಿತ್ಯಾಳನ್ನು ಅಮ್ಮ ಹೆಸರು ಹಿಡಿದು ಕರೆದದ್ದೇ ನೆನಪಿಲ್ಲ. ಈ ಊರಿನ ತಮಿಳರು ಮುದ್ದಿಗೆ ಕರೆಯುವ ಹಾಗೆ ಕಣ್ಣು, ಕಣ್ಣು. ನಾನು ಮಾತ್ರ ಬರೀ ಜಯಾ. ಮೊದಲು ಹುಟ್ಟಿದ ತಪ್ಪಿಗೆ.

ಕಾಲ್ ಕಟ್ಟಾದ ಮೇಲೆ ಉಪ್ಪು, ಒಣಮೆಣಸಿನಕಾಯಿ ನನಗೆ ನಿವಾಳಿಸಿ ಒಲೆಗೆ ಹಾಕಿದಳು. ಆಫೀಸಿಗೆ ಹೋಗಿ ಬಂದ ದೃಷ್ಟಿಯಂತೆ. ಘಾಟಿಗೆ ನವನೀತನ್ ಕೆಮ್ಮುತ್ತಾ ಬಾಲ್ಕನಿಗೆ ಓಡಿದರು. ಮದುವೆಯಾದ ಮೇಲೆ ನನ್ನ ಗಂಡ ಇಷ್ಟು ಚುರುಕಾಗಿ ಓಡಿದ್ದನ್ನು ನೋಡಿರಲಿಲ್ಲ.

ಮಾರ್ಚ್ 13

ಮೂರನೇ ಸಂಜೆ, ಕಾಲ್ ಹೋಗುತ್ತಿಲ್ಲ. ನಿತ್ಯಾಳಿಂದ ಎಸ್‌ಎಂಎಸ್, ಕನ್ನಡ ಲಿಪಿಯಲ್ಲಿ: "ನೆಟ್ ಇಲ್ಲ ಅಕ್ಕಾ. ಅಮ್ಮನಿಗೆ ಹೇಳು."

ಆ ಮನೆಯೊಳಗೆ ಮೊಬೈಲ್ ಡೇಟಾ ಬರುವುದಿಲ್ಲ, ಎಸ್‌ಎಂಎಸ್ ಮಾತ್ರ ಹೇಗೋ ನುಸುಳುತ್ತದೆ. ಅದಕ್ಕೇ ಹೋದ ವರ್ಷ ನಮ್ಮ ಕಂಪನಿಯ ಲೈನ್ ನನ್ನ ಹೆಸರಲ್ಲಿ ಹಾಕಿಸಿಕೊಟ್ಟೆ. ಈಗ ಅದೂ ಕೈಕೊಟ್ಟಿತು. ನಾಳೆ ಆಫೀಸಿನಲ್ಲಿ ಮಾನ ಹೋಗುತ್ತದೆ.

ಕನ್ನಡ ಲಿಪಿ ನಮ್ಮಿಬ್ಬರಿಗೇ ಬರುವುದು. ಚಿಕ್ಕಂದಿನಲ್ಲಿ ಪಕ್ಕದ ಮನೆಗೆ ಮಂಡ್ಯದಿಂದ ಬಂದಿದ್ದ ಶಾರದ ಟೀಚರ್ ಕಲಿಸಿದ್ದು. ಮನೆಯಲ್ಲಿ ಆಡುವ ಮಾತಿಗೆ ಅಕ್ಷರವೂ ಇದೆ ಅನ್ನುವುದೇ ಆಗ ನಮಗೆ ಸೋಜಿಗ. ಅಮ್ಮನಿಗೆ ಯಾವ ಲಿಪಿಯೂ ಬರದು, ನವನೀತನ್‌ಗೆ ತಮಿಳು ಮಾತ್ರ. ಹಾಗಾಗಿ ಈ ಡೈರಿಯನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ಹೋದರೂ ಭಯವಿಲ್ಲ. ಓದಬಲ್ಲವಳು ಒಬ್ಬಳೇ, ಅವಳು ಇಲ್ಲಿಲ್ಲ.

ಮಾರ್ಚ್ 17, ಸೋಮವಾರ

ಕ್ವೆರಿ ಸಿಕ್ಕಿತು. ಎರಡು ದಿನ ತಲೆ ಕೆರೆದುಕೊಂಡದ್ದು, ಸ್ನಾನ ಮಾಡುವಾಗ ಹೊಳೆಯಿತು.

ನೆಟ್ ಹೋದ ದಿನಾಂಕಗಳನ್ನು ಮನೆವಾರು ಸಾಲಾಗಿ ನಿಲ್ಲಿಸಬೇಕು. ಒಂದು, ಎರಡು, ಮೂರು ಅಂತ ನಂಬರ್ ಕೊಡಬೇಕು. ಆಮೇಲೆ ದಿನಾಂಕದಿಂದ ಆ ನಂಬರ್ ಕಳೆಯಬೇಕು. ಬಿಡದೆ ಬಂದ ದಿನಗಳಾದರೆ ಎಲ್ಲಕ್ಕೂ ಒಂದೇ ಉತ್ತರ ಬರುತ್ತದೆ. ನಡುವೆ ಒಂದು ದಿನ ತಪ್ಪಿದರೆ ಉತ್ತರ ಬದಲಾಗುತ್ತದೆ. ಒಂದೇ ಉತ್ತರದ ದಿನಗಳನ್ನು ಗುಂಪು ಕಟ್ಟಿ ಎಣಿಸಿದರೆ ಮುಗಿಯಿತು. ಒಂದೇ ದಿನ ಎರಡು ಸಲ ಹೋದರೆ ಲೆಕ್ಕ ಕೆಡುತ್ತಿತ್ತು, ಅದನ್ನೂ ಸರಿಮಾಡಿದೆ.

ರಾಜೇಂದ್ರನ್ ಸರ್ ನೋಡಿ ತಲೆದೂಗಿದರು. ಒಂದು ಶರತ್ತು ಸೇರಿಸಿದರು. "ಡೈಯಿಂಗ್ ಗ್ಯಾಸ್ಪ್ ಇರೋ ಸಾಲೆಲ್ಲ ತೆಗೆದುಬಿಡು ಮಾ. ಅದು ನಮ್ಮ ತಪ್ಪಲ್ಲ."

ಮನೆಯಲ್ಲಿ ಯಾರಾದರೂ ಮೋಡೆಮಿನ ಸ್ವಿಚ್ ಆರಿಸಿದರೆ, ಅಥವಾ ಕರೆಂಟ್ ಹೋದರೆ, ಅದು ಸಾಯುವ ಕ್ಷಣದಲ್ಲಿ ಒಳಗೆ ಉಳಿದ ಚೂರು ಶಕ್ತಿಯಲ್ಲಿ ನಮಗೆ ಒಂದು ಮಾತು ಕಳಿಸುತ್ತದೆ: ನನಗೆ ಪವರ್ ಹೋಯಿತು. ಇಂಜಿನಿಯರುಗಳು ಅದಕ್ಕೆ ಇಟ್ಟ ಹೆಸರು ಡೈಯಿಂಗ್ ಗ್ಯಾಸ್ಪ್. ಕಡೆಯುಸಿರು. ನಮ್ಮ ಲೈನ್ ತುಂಡಾಗಿ ಹೋದದ್ದಾದರೆ ಆ ಮಾತು ಬರುವುದಿಲ್ಲ. ಹಾಗಾಗಿ ಕಡೆಯುಸಿರು ಬಂದ ಮನೆಗೆ ನಾವು ಜವಾಬ್ದಾರರಲ್ಲ.

ಒಂದೇ ಸಾಲು ಸೇರಿಸಿದೆ. ಕಡೆಯುಸಿರೆಲ್ಲ ಮಾಯ.

ಮಾರ್ಚ್ 21

ಲಿಸ್ಟಿನಲ್ಲಿ ನಿತ್ಯಾಳ ಮನೆ ಇಲ್ಲ. ದಿನಾ ಸಂಜೆ "ನೆಟ್ ಇಲ್ಲ ಅಕ್ಕಾ" ಅನ್ನುತ್ತಾಳೆ, ನನ್ನ ಕ್ವೆರಿ ಆ ಮನೆಗೆ ಏನೂ ಆಗಿಲ್ಲ ಅನ್ನುತ್ತದೆ. ಕ್ವೆರಿಯೇ ತಪ್ಪೇನೋ ಅಂತ ಆ ಕಡೆಯ ಟೆಕ್ನಿಷಿಯನ್ ಲೋಗನಾಥನ್‌ನನ್ನು ಕಳಿಸಿದೆ. ಫೋನ್ ಮಾಡಿದ: "ಮೇಡಂ, ಮೋಡೆಮಿಗೆ ಲೈಟ್ ಸಿಗ್ನಲ್ ಚೆನ್ನಾಗಿ ಬರ್ತಿದೆ. ವೈರ್ ಚೆನ್ನಾಗಿದೆ. ಅಕ್ಕ ಮೋರು ಕೊಟ್ಟರು, ಕುಡಿದು ಬಂದೆ." ಮಜ್ಜಿಗೆ ಕುಡಿದದ್ದನ್ನೂ ರಿಪೋರ್ಟ್ ಮಾಡುವ ಪುಣ್ಯಾತ್ಮ.

ಹಾಗಾದರೆ?

ಅಮ್ಮನಿಗೆ ಹೇಳಬಾರದಿತ್ತು, ಹೇಳಿದೆ. ಅವಳಿಗೆ ತಕ್ಷಣ ಅಳಿಯನ ಮೇಲೆ ಅನುಮಾನ. "ಮಾಪಿಳ್ಳೆಯೇ ತಡೀತವ್ನೆ. ಮಗು ನಿಲ್ಲಲಿಲ್ಲ ಅಂತ ಅವಳ ಮೇಲೆ ಸಿಟ್ಟು. ತವರಿನ ಮಾತೂ ಬ್ಯಾಡ ಅಂದವ್ನೆ."

ಸರವಣಕುಮಾರ್ ಅಂಥವನಲ್ಲ ಅಂದೆ. ಪವರ್‌ಲೂಮ್ ಶೆಡ್ಡಿನ ಸದ್ದಿನಲ್ಲೇ ಬೆಳೆದವನು, ಅವನ ಮಾತೇ ನಮಗೆ ಕೇಳಿಸುವುದಿಲ್ಲ. ಆದರೆ ಅಂದ ಮೇಲೆ ನನಗೇ ಖಾತ್ರಿಯಿಲ್ಲ. ಮಾತಾಡದವರ ಮನಸ್ಸಿನಲ್ಲಿ ಏನಿದೆ ಅಂತ ಯಾರಿಗೆ ಗೊತ್ತು.

ಮಾರ್ಚ್ 25, ಊಟದ ಹೊತ್ತು

ಕಡೆಯುಸಿರು ಬಿಡಲು ಕ್ವೆರಿಗೆ ಸೇರಿಸಿದ್ದ ಆ ಒಂದು ಸಾಲನ್ನು ತೆಗೆದು, ನನ್ನ ಹೆಸರಿನ ಕನೆಕ್ಷನ್ ಮಾತ್ರ ಹಾಕಿ ಓಡಿಸಿದೆ.

ಬಂತು. ಸಾಲು ಸಾಲಾಗಿ. ಮಾರ್ಚ್ 11ರಿಂದ ಒಂದು ದಿನವೂ ಬಿಡದೆ. ಏಳಕ್ಕೆ ಸ್ವಲ್ಪ ಮುಂಚೆ ಕಡೆಯುಸಿರು, ಎಂಟಾದ ಮೇಲೆ ಮತ್ತೆ ಜೀವ. ಎಂಟರ ತನಕ ಅಮ್ಮ ಪ್ರಯತ್ನಿಸುತ್ತಲೇ ಇರುತ್ತಾಳೆ ಅಂತ ಗೊತ್ತಿದ್ದವರ ಕೆಲಸ.

ಕರೆಂಟ್ ಕಟ್ ಇರಬಹುದು ಅಂತ ಅದೇ ಬೀದಿಯ ಬೇರೆ ಮನೆಗಳನ್ನೂ ನೋಡಿದೆ. ಎಲ್ಲವೂ ಉರಿಯುತ್ತಿವೆ. ಈ ಮನೆಯೊಂದೇ. ಯಾರದೋ ಕೈ.

ಟಿಫನ್ ಬಾಕ್ಸ್ ಮುಚ್ಚಿಟ್ಟೆ. ನನ್ನ ತಂಗಿಯ ಬಾಯಿ ಮುಚ್ಚುತ್ತಿದ್ದಾರೆ. ಆ ಮೋಡೆಮ್ ದಿನಾ ನನ್ನ ಆಫೀಸಿಗೇ ಬಂದು ಹೇಳುತ್ತಿತ್ತು, ನಾನೇ ಅದನ್ನು ಲೆಕ್ಕದಿಂದ ತೆಗೆದಿದ್ದೆ.

ಫೋನ್ ಮಾಡಿ ಹೇಳಿದರೆ ಅಮ್ಮ ಈಗಲೇ ಕೃಷ್ಣಸಾಮಿ ಮಾಮನನ್ನು ಕರೆದುಕೊಂಡು ಹೋಗಿ ಪಂಚಾಯ್ತಿ ಮಾಡೋಣ ಅಂತಾಳೆ. ಬೇಡ ಅಂದೆ. ಭಾನುವಾರ ನಾನೊಬ್ಬಳೇ ಹೋಗುತ್ತೇನೆ.

ಮಾರ್ಚ್ 31, ಬೆಳಿಗ್ಗೆ. ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಬರೆಯದಿದ್ದರೆ ಈ ಬಸ್ಸಿನಲ್ಲೇ ಅತ್ತುಬಿಡುತ್ತೇನೆ.

ನಿನ್ನೆ ಮಧ್ಯಾಹ್ನ ಹೋದೆ. ಇಷ್ಟೆಲ್ಲ ಆದರೂ ಹೊಟ್ಟೆ ಕಾಣದ ಹಾಗೆ ಅಗಲದ ದುಪ್ಪಟ್ಟಾ ಹರಡಿ, ಪಿನ್ ಹಾಕಿಕೊಂಡು ಹೋದೆ. ನಿತ್ಯಾ ತಬ್ಬಿಕೊಳ್ಳಲಿಲ್ಲ. ಕೈ ಹಿಡಿದಳು. ಇಳಿದುಹೋಗಿದ್ದಾಳೆ.

ಭಾನುವಾರ, ಮಗ್ಗಗಳು ನಿಂತಿದ್ದವು. ಸರವಣಕುಮಾರ್‌ನನ್ನು ಶೆಡ್ಡಿನ ಹಿಂದೆ ಕರೆದೆ. "ದಿನಾ ಸಂಜೆ ಮೋಡೆಮ್ ಆಫ್ ಮಾಡೋದ್ಯಾಕೆ? ಅವಳು ಅಮ್ಮನ ಹತ್ರ ಮಾತಾಡಬಾರದಾ?"

ಅವನು ಮನೆಯ ಕಡೆ ಒಂದು ಸಲ ನೋಡಿದ. "ಆಮಾ ಅಕ್ಕಾ. ನಾನೇ."

"ಯಾಕೆ?"

"ಕರೆಂಟ್ ಬಿಲ್ಲು..."

ಮಗ್ಗ ಓಡಿಸುವವನು ಮೋಡೆಮಿನ ಕರೆಂಟಿನ ಲೆಕ್ಕ ಹೇಳುತ್ತಾನೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮಗು ನಿಲ್ಲದಿದ್ದರೆ ಅದು ಅವಳೊಬ್ಬಳ ತಪ್ಪಾ ಅಂದೆ, ನೀನು ಗಂಡಸಾ ಅಂದೆ. ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡ. "ತಪ್ಪಾಯ್ತಕ್ಕಾ" ಅಂದ. ಗೆದ್ದೆ ಅಂದುಕೊಂಡು ಒಳಗೆ ಬಂದೆ.

ನಿತ್ಯಾ ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು ನಾನೂ ಬಿಡಿಸಿದೆ. ಹೊರಗೆ ಬೆಳಕು ಇಳಿಯುತ್ತಿತ್ತು. ಅವಳು ಗಡಿಯಾರ ನೋಡಿದಳು, ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು, ಶೆಲ್ಫಿನ ಹತ್ತಿರ ಹೋಗಿ ಮೋಡೆಮಿನ ಸ್ವಿಚ್ ಆರಿಸಿದಳು. ಸಂಜೆ ಬಾಗಿಲಿಗೆ ನೀರು ಹಾಕುವಷ್ಟು ಸಹಜವಾಗಿ. ತಿರುಗಿ ಬಂದು ಕೂತ ಮೇಲೆ ನಾನು ಇದ್ದೇನೆ ಅನ್ನುವುದು ಅವಳಿಗೆ ನೆನಪಾಯಿತು.

ಅವಳ ಕೈಯಲ್ಲಿ ಸೊಪ್ಪಿನ ಕಡ್ಡಿ.

"ಆ ದುಪ್ಪಟ್ಟಾ ತೆಗಿ ಅಕ್ಕಾ" ಅಂದಳು. "ರೊಂಬ ಸೆಕೆ."

ತೆಗೆದೆ.

ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಮಾತಾಡಿದಳು. "ಅಮ್ಮ ಬಗ್ಗಬ್ಯಾಡ ಅಂದ್ಳಲ್ಲ, ಆವತ್ತೇ ಗೊತ್ತಾಯ್ತು. ನಂಗೂ ಹಂಗೇ ಹೇಳ್ತಿದ್ಳು, ಎರಡು ಸಲಾನೂ."

"ನನ್ನ ಕೇಳಬಾರದಿತ್ತಾ ಡಿ?"

"ನೀ ಹೇಳಬಾರದಿತ್ತಾ? ಫೋನ ಕುತ್ತಿಗೆ ಮೇಲೇ ಹಿಡ್ಕೊಂಡೆ. ನನ್ ಕಣ್ಣು ಬೀಳ್ತದೆ ಅಂತ ತಾನೆ."

"ನೀ ಅಳ್ತೀಯಾ ಅಂತ ನಿತ್ಯಾ. ಸತ್ಯವಾಗ್ಲೂ."

"ನೀ ಅದಕ್ಕೆ. ಅಮ್ಮ ನನ್ ಕಣ್ಣಿಗೆ ಹೆದರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಅಮ್ಮ ಹೇಳೋದ್ರಲ್ಲಿ ಏನು ತಪ್ಪಕ್ಕಾ? ಎದುರು ಮನೆಯವಳ ಹೊಟ್ಟೆ ಕಂಡ್ರೆ ನಂಗೆ ಒಳಗೆ ಏನೋ ಸುಡ್ತದೆ. ಅದು ಆಚೆ ಹೋಗಿ ಏನು ಮಾಡ್ತದೋ ನಂಗೇನು ಗೊತ್ತು. ನಿನ್ ಮೇಲೆ ಬೀಳಬಾರದು. ಅದಕ್ಕೇ ಆಫ್ ಮಾಡ್ತೀನಿ."

ನಾನು ಏನೇನೋ ಹೇಳಿದೆ. ಅದೆಲ್ಲ ಸುಳ್ಳು, ಮೂಢನಂಬಿಕೆ, ನೀನು ಓದಿದವಳು. ಅವಳು ಹೂಂ ಅಂದಳು. ಮಗುವನ್ನು ಸಮಾಧಾನ ಮಾಡುವವರ ಹಾಗೆ ನನ್ನ ಮಾತಿಗೆಲ್ಲ ಹೂಂ.

"ಅಮ್ಮ ಕಣ್ಣು ಅಂತ ಕೂಗ್ತಾಳಲ್ಲ" ಅಂದಳು ಆಮೇಲೆ. "ಈಗ ಕೇಳಿದ್ರೆ ಮೈ ಜುಂ ಅಂತದೆ ಅಕ್ಕಾ."

ಬಾಗಿಲಲ್ಲಿ ಸರವಣಕುಮಾರ್ ನಿಂತಿದ್ದ. "ಪಾಪ, ಅವರ ಮೇಲೆ ಕೂಗಾಡಿದ್ದು ಕೇಳಿಸ್ತು" ಅಂದಳು ನಿತ್ಯಾ. "ಅವರಿಗೆ ಸುಳ್ಳು ಹೇಳೋಕೂ ಬರಲ್ಲ."

ರಾತ್ರಿ ಪಕ್ಕದಲ್ಲೇ ಮಲಗಿದೆವು. ಅವಳು ಆ ಕಡೆ ಮುಖ ಮಾಡಿ.

ಏಪ್ರಿಲ್ 2

ಅಮ್ಮನನ್ನು ಕೂರಿಸಿ ಎಲ್ಲ ಹೇಳಿದೆ. ಏನೂ ಮುಚ್ಚಿಡದೆ. ಕಣ್ಣು ಅನ್ನುವ ಮಾತಿನ ವಿಷಯವನ್ನೂ.

ಅಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಳು. "ನಾ ಹೆತ್ತವಳು ಡಿ ಅವಳು. ಅವಳದು ಕೆಟ್ಟ ಕಣ್ಣು ಅಂತ ನಾ ಹೇಳ್ತೀನಾ? ಕೆಟ್ಟ ಕಣ್ಣಲ್ಲ, ಆಸೆ ಕಣ್ಣು. ಆಸೆ ಕಣ್ಣು ಅವಳಿಗೆ ಗೊತ್ತಿಲ್ದೇನೇ ಬೀಳ್ತದೆ. ಒಬ್ಬಳದು ಎರಡು ಹೋಯ್ತು. ಇನ್ನೊಬ್ಬಳದಾದ್ರೂ ಉಳೀಲಿ ಅಂದ್ಕೊಂಡೆ. ತಪ್ಪಾ?"

ತಪ್ಪು ಅಂದೆ. ಗಟ್ಟಿಯಾಗಿಯೇ ಅಂದೆ. ಅಮ್ಮ ಅತ್ತಳು.

ಆದರೆ ಇಲ್ಲಿ ಯಾರೂ ಓದುವುದಿಲ್ಲವಲ್ಲ, ಬರೆಯುತ್ತೇನೆ. ಪ್ರತಿ ಕಾಲ್ ಮುಗಿದ ಮೇಲೆ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸುವಾಗ ನಾನು ಸುಮ್ಮನೆ ನಿಲ್ಲುತ್ತಿದ್ದೆ. ಯಾರ ದೃಷ್ಟಿ ಅಂತ ಒಂದು ಸಲವೂ ಕೇಳಲಿಲ್ಲ. ಆಫೀಸಿನಿಂದ ಬಂದದ್ದು ಆರಕ್ಕೆ, ದೃಷ್ಟಿ ತೆಗೆಯುವುದು ಕಾಲ್ ಆದ ಮೇಲೆ. ದಿನಾಂಕದಿಂದ ನಂಬರ್ ಕಳೆಯಲು ಬರುವವಳಿಗೆ ಇದೊಂದು ಗೊತ್ತಾಗಲಿಲ್ಲವೇ. ಗೊತ್ತಿತ್ತು. ನನಗೂ ಭಯವಿತ್ತು. ನಿತ್ಯಾ, ನನಗೂ ನಿನ್ನ ಭಯವಿತ್ತು.

ಏಪ್ರಿಲ್ 17

ಕ್ವೆರಿ ಲೈವ್ ಆಯಿತು. ಮೇಲಿನವರು ಸರ್‌ಗೆ ಶಭಾಷ್ ಅಂದರಂತೆ, ಅವರು ನನಗೆ ಒಂದು ಲೋಟ ಜಿಗರ್ತಂಡಾ ಕುಡಿಸಿದರು. ನ್ಯಾಯವಾದ ಹಂಚಿಕೆ.

ಏಳು ಗಂಟೆಯ ಕಾಲ್ ನಿಲ್ಲಿಸಿದ್ದೇವೆ. ಅಮ್ಮ ಈಗ ಆ ಹೊತ್ತಿಗೆ ಸೀರಿಯಲ್ ಹಾಕಿಕೊಂಡು ಕೂರುತ್ತಾಳೆ, ನೋಡುವುದಿಲ್ಲ. ಕಾಲ್ ಬರುವುದಿಲ್ಲ ಅಂತ ನಿತ್ಯಾಗೂ ಹೇಳಿದ್ದೇನೆ. ಆದರೂ ಅವಳ ಕಡೆಯುಸಿರು ತಪ್ಪಿಲ್ಲ.

ಲ್ಯಾಪ್‌ಟಾಪ್ ತೆರೆದಿಟ್ಟು ಕಾಯುತ್ತೇನೆ. ಆ ಸಾಲು ಬಂದರೆ ಎದೆಗೆ ಚುಚ್ಚುತ್ತದೆ. ಬಂದ ಮೇಲೆ ಒಂದು ಸಮಾಧಾನವೂ ಆಗುತ್ತದೆ, ಅದನ್ನು ಯಾರಿಗೆ ಹೇಳಲಿ. ಈ ಕ್ಷಣ ನನ್ನ ತಂಗಿ ಶೆಲ್ಫಿನ ಮುಂದೆ ನಿಂತಿದ್ದಾಳೆ. ನನ್ನನ್ನೇ ನೆನೆಯುತ್ತಿದ್ದಾಳೆ.

ಮೇ 9

ಮಧ್ಯಾಹ್ನ ಆಫೀಸಿನಿಂದ ವಿಡಿಯೋ ಕಾಲ್ ಮಾಡಿದೆ, ಎತ್ತಿದಳು. ಫೋನನ್ನು ಮೇಜಿನ ಮೇಲೆ ಮಲಗಿಸಿದ್ದಳು, ಕಂಡದ್ದು ಅವರ ಮನೆಯ ಸೀಲಿಂಗ್ ಫ್ಯಾನ್. ನೂಲಿನ ರೇಟು, ಎದುರು ಮನೆಯ ನಾಯಿ, ನನ್ನ ಕಾಲಿನ ಊತ. ಫ್ಯಾನ್ ನೋಡಿಕೊಂಡೇ ನಗುನಗುತ್ತಾ ಮಾತಾಡಿದೆವು. ಫ್ಯಾನಿಗೆ ಧೂಳು ಹಿಡಿದಿದೆ ಡಿ ಅಂದೆ. "ಒರೆಸ್ತೀನಿ" ಅಂದಳು.

ಮುಖ ತೋರಿಸು ಅಂತ ಕೇಳುವ ಧೈರ್ಯ ಬರಲಿಲ್ಲ.

ಜೂನ್ 18

ಸೀಮಂತಕ್ಕೆ ಬಳೆ ತೊಡಿಸುವ ದಿನ ಗೊತ್ತಾಯಿತು. ಜುಲೈ 4, ಶುಕ್ರವಾರ, ಶುಭಕಾರ್ಯವಿಲ್ಲದ ಆಡಿ ತಿಂಗಳು ಹುಟ್ಟುವ ಮುಂಚೆ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಮುಗಿಯಬೇಕು.

"ಹೊಟ್ಟೆಯೊಳಗಿನ ಮಗುಗೆ ಆಚೆಯಿಂದ ಮೊದಲು ಕೇಳೋದು ಬಳೆ ಸದ್ದೇ" ಅಂತ ಅಮ್ಮ ಹುಮ್ಮಸ್ಸಿನಲ್ಲಿ ಹೇಳುತ್ತಿದ್ದಳು. ನಡುವೆ ಬಾಯಿ ಹಾಕಿದೆ. ಮೊದಲ ಬಳೆ ನಿತ್ಯಾ ತೊಡಿಸಬೇಕು, ಇಲ್ಲದಿದ್ದರೆ ನನಗೆ ಬಳೆಯೇ ಬೇಡ.

ಅಮ್ಮನ ಮುಖ ಬಿಳುಚಿತು. ಮಗು ಕಳೆದುಕೊಂಡವಳ ಕೈಯಿಂದ ಮೊದಲ ಬಳೆಯೇ, ನೆಂಟರು ಏನಂತಾರೆ. ಅನ್ನಲಿ ಅಂದೆ. ನವನೀತನ್ ಪೇಪರ್ ಕೆಳಗಿಟ್ಟು, "ಅವಳು ಹೇಳೋದು ಸರಿ ಅತ್ತೆ" ಅಂದರು. ವರ್ಷಕ್ಕೊಂದು ಸಲ ಬಾಯಿ ಬಿಡುತ್ತಾರೆ, ಈ ವರ್ಷದ್ದನ್ನು ಒಳ್ಳೆಯ ಕಡೆ ಖರ್ಚು ಮಾಡಿದರು.

ಅಮ್ಮ ಎದ್ದು ಹೋದಳು. ತುಂಬಾ ಹೊತ್ತಿನ ಮೇಲೆ ಬಂದಳು. "ಅವಳೇ ಹಾಕ್ಲಿ. ನಾನೇ ಕರೀತೀನಿ."

ಜೂನ್ 24

ಅಮ್ಮ ಫೋನ್ ಮಾಡಿದಳು. ಪಕ್ಕದಲ್ಲೇ ಕೂತು ಕೇಳಿದೆ. ಚೆನ್ನಾಗಿ ಮಾತಾಡಿದಳು, ಬಳೆ ನೀನೇ ತಾ, ಹಸಿರು ಗಾಜಿನದು, ಅಕ್ಕನ ಕೈ ಊದಿಕೊಂಡಿದೆ, ದೊಡ್ಡ ಅಳತೆ ನೋಡು. ಕೊನೆಯಲ್ಲಿ ಬಾಯಿಗೆ ಬಂದದ್ದನ್ನು ನುಂಗಿದಳು. ನಾನು ಹೇಳಿದ್ದು ನೆನಪಾಗಿರಬೇಕು.

"ಸರಿ... ನಿತ್ಯಾ. ಬಂದುಬಿಡು" ಅಂದಳು.

"ಬತ್ತೀನಮ್ಮಾ" ಅಂದಳು ನಿತ್ಯಾ.

ಅಮ್ಮ ನನ್ನ ಕಡೆ ನೋಡಿದಳು, ಸರಿಯಾಗಿ ಮಾತಾಡಿದೆನಾ ಅನ್ನುವ ಹಾಗೆ. ತಲೆಯಾಡಿಸಿದೆ. ಆದರೆ ಆ ಹೆಸರು ನನ್ನ ಕಿವಿಗೇ ಪರಕೀಯವಾಗಿ ಬಿತ್ತು. ರೇಷನ್ ಕಾರ್ಡಿನಿಂದ ಓದಿ ಹೇಳಿದ ಹಾಗೆ.

ಜುಲೈ 4, ಶುಕ್ರವಾರ. ಬೆಳಿಗ್ಗೆ

ಎದ್ದ ಕೂಡಲೇ ಲ್ಯಾಪ್‌ಟಾಪ್. ಬೆಳಗಿನ ಜಾವವೇ ಕಡೆಯುಸಿರು ಬಂದಿದೆ.

ಮೊದಲ ಸಲ ಆ ಸಾಲು ನೋಡಿ ನಕ್ಕೆ. ಊರಿಗೆ ಹೊರಟರೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ, ಗ್ಯಾಸ್ ಎರಡು ಸಲ ನೋಡಿ, ಬೀಗ ಮೂರು ಸಲ ಎಳೆಯುವುದು ನಮ್ಮ ಅಮ್ಮನ ಪದ್ಧತಿ. ನಿತ್ಯಾಗೂ ಅದೇ ಅಭ್ಯಾಸ. ಹೊರಟಿದ್ದಾರೆ. ಪಲ್ಲಡಂ ದಾಟಿ, ಸೂಲೂರು ದಾಟಿ, ತಿಂಡಿ ಹೊತ್ತಿಗೆ ಇಲ್ಲಿರುತ್ತಾರೆ.

ಅಮ್ಮನಿಗೆ ಕೂಗಿ ಹೇಳಿದೆ. ಅವಳು ನಿತ್ಯಾಗೆ ಇಷ್ಟವಾದ ಕಡಲೆಬೇಳೆ ಪಾಯಸಕ್ಕೆ ಇಟ್ಟಳು.

ಅದೇ ದಿನ, ಮಧ್ಯಾಹ್ನ

ಒಂಬತ್ತಾಯಿತು. ನೆಂಟರು ಬಂದರು. ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತೆ, ಎರಡೂ ಕೈ ಬರಿದು. ಕಣ್ಣು ಬಾಗಿಲಿಗೆ. ಹೊರಗೆ ಆಟೋ ಸದ್ದಾದಾಗಲೆಲ್ಲ ಅಮ್ಮ ಗೇಟಿಗೆ ಹೋಗಿ ಬಂದಳು.

ಹತ್ತಾಯಿತು. ಫೋನ್ ಮಾಡಿದರೆ ಇಬ್ಬರೂ ಎತ್ತುತ್ತಿಲ್ಲ. ಬಸ್ಸಿನ ಗದ್ದಲದಲ್ಲಿ ಕೇಳಿಸಿರಲಾರದು ಅಂದರು ಯಾರೋ. ರೂಮಿಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ.

ಮೋಡೆಮ್ ಆನ್ ಆಗಿದೆ. ಆಗಷ್ಟೇ.

ಬೀಗ ಹಾಕಿದ ಮನೆಯಲ್ಲಿ ಮೇನ್ ಸ್ವಿಚ್ ತಾನಾಗಿ ಆನ್ ಆಗುವುದಿಲ್ಲ. ಅವಳು ಮನೆಯಲ್ಲಿದ್ದಾಳೆ.

ಮಂಚದ ಮೇಲೆ ಕೂತುಬಿಟ್ಟೆ. ಆಗ ಸರವಣಕುಮಾರ್ ಫೋನು. ಮೊದಲ ಸಲ ಅವನ ಮಾತು ಪೂರ್ತಿ ಕೇಳಿಸಿತು. "ಪಲ್ಲಡಂ ತನಕ ಬಂದ್ವಿ ಅಕ್ಕಾ. ಬಳೆ ಮಡಿಲಲ್ಲೇ ಇಟ್ಕೊಂಡಿದ್ಳು. ಬಸ್ಸಲ್ಲಿ ಕೂತಾಗಿಂದ ಒಂದೇ ಮಾತು. ಅಮ್ಮ ಈಗ ನನ್ನ ಹೆಸರು ಹಿಡಿದು ಕರೀತಾಳೆ, ಹೆಸರು ಹಿಡಿದು ಕರೀತಾಳೆ ಅಂತ. ಪಲ್ಲಡಂ ಬಸ್ ಸ್ಟ್ಯಾಂಡಲ್ಲಿ ಇಳಿದುಬಿಟ್ಳು. ನಾ ಎಷ್ಟು ಹೇಳಿದ್ರೂ..."

ಅವನ ದನಿ ಒಡೆಯಿತು. ಅಳಬೇಡ ಸರವಣ ಅಂದೆ, ನಾನೇ ಅಳುತ್ತಾ.

ಕಣ್ಣು ಅಂತ ಕೂಗಿದರೆ ಅವಳ ಮೈ ಜುಂ ಅನ್ನುತ್ತದೆ ಅಂತ ಅಮ್ಮನಿಂದ ಆ ಮಾತು ಬಿಡಿಸಿದ್ದು ನಾನು. ಬಿಟ್ಟರೆ ಅವಳಿಗೆ ಏನೂ ಉಳಿಯುವುದಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ರಾಹುಕಾಲ ಬಂತು ಅಂತ ಹೊರಗಿನಿಂದ ಕೃಷ್ಣಸಾಮಿ ಮಾಮ ಕೂಗಿದರು. ನೆಂಟರು ತಂದಿದ್ದ ಬಳೆಗಳಲ್ಲಿ ಮೊದಲನೆಯದನ್ನು ಅಮ್ಮ ತೊಡಿಸಿದಳು. ತೊಡಿಸುವಾಗ ಅಮ್ಮನ ಕೈಯಲ್ಲೇ ಒಂದು ಬಳೆ ಒಡೆಯಿತು. ಎಲ್ಲರೂ ಅದನ್ನು ನೋಡದವರ ಹಾಗೆ ಇದ್ದರು.

ಪಾಯಸ ಪಾತ್ರೆಯಲ್ಲಿ ಹಾಗೇ ಇದೆ.

ಅದೇ ದಿನ, ಸಂಜೆ

ಏಳಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತೆ, ಅಭ್ಯಾಸಬಲ. ಕಡೆಯುಸಿರು ಬರಲಿಲ್ಲ. ಏಳು ದಾಟಿತು, ಲೈನ್ ಉರಿಯುತ್ತಲೇ ಇದೆ. ಏನೋ ಮಾಡಿಕೊಂಡಳಾ ಅಂತ ಕೆಟ್ಟ ಯೋಚನೆ.

ಫೋನ್ ರಿಂಗಾಯಿತು. ವಿಡಿಯೋ ಕಾಲ್. ನಿತ್ಯಾ.

ಎತ್ತಿದರೆ ಮುಖವಿಲ್ಲ, ಫ್ಯಾನೂ ಇಲ್ಲ. ಕೆಂಪು ಕತ್ತಲು. ಕ್ಯಾಮೆರಾದ ಮೇಲೆ ಬೆರಳು ಒತ್ತಿ ಹಿಡಿದಿದ್ದಾಳೆ.

"ಅಕ್ಕಾ, ಬಳೆ ತೊಟ್ಟಿದ್ದೀಯಾ?"

"ಹೂಂ."

"ಎರಡು ಕೈಗೂ?"

"ಹೂಂ ಡಿ."

"ಅಲ್ಲಾಡ್ಸು. ನಾ ನೋಡಲ್ಲ. ಕೇಳ್ತೀನಿ, ಅಷ್ಟೇ."

ಅಲ್ಲಾಡಿಸಿದೆ. ಒಳಗೆ ಮಗು ಹೊರಳಿತು. ಹೇಳಲೋ ಬೇಡವೋ ಅಂತ ಬಾಯಿಗೆ ಬಂದದ್ದನ್ನು ಹಿಡಿದುಕೊಂಡೆ, ಆಮೇಲೆ ಹೇಳಿಯೇಬಿಟ್ಟೆ. ಇನ್ನು ಯಾವುದನ್ನೂ ಮುಚ್ಚಿಡುವುದಿಲ್ಲ. "ಒದೀತಿದೆ ನಿತ್ಯಾ. ಕೇಳಿಸ್ತು ಅದಕ್ಕೆ."

ಲೈನ್ ಹೋಯಿತೇನೋ ಅಂತ ಲ್ಯಾಪ್‌ಟಾಪ್ ನೋಡಿದೆ. ಹೋಗಿರಲಿಲ್ಲ. ಅವಳು ಇದ್ದಳು.

ಅಮ್ಮ ಯಾವಾಗ ಬಂದು ಹಿಂದೆ ನಿಂತಳೋ ಗೊತ್ತಿಲ್ಲ. ಮುಷ್ಟಿಯಲ್ಲಿ ಉಪ್ಪು. ದೃಷ್ಟಿ ತೆಗೆಯಲು ಬಂದವಳು, ಮುಷ್ಟಿ ಬಿಚ್ಚಿದಳು, ಉಪ್ಪು ನೆಲಕ್ಕೆ ಸುರಿಯಿತು. ಫೋನಿನ ಹತ್ತಿರ ಬಗ್ಗಿದಳು.

"ಕಣ್ಣು" ಅಂದಳು. "ಕಣ್ಣೂ, ಬೆರಳು ತೆಗಿ."

ಆ ಕಡೆಯಿಂದ ಗಾಜಿನ ಸದ್ದು. ಮೆಲ್ಲಗೆ. ನನಗೆ ಅಂತ ಕೊಂಡ ಬಳೆಗಳನ್ನು ಅವಳೇ ತೊಟ್ಟಿದ್ದಾಳೆ. ಅಳುವಾಗ ಕೈ ಅಲ್ಲಾಡುತ್ತದಲ್ಲ, ಆ ಸದ್ದು. ಬೆರಳು ಮಾತ್ರ ತೆಗೆಯಲಿಲ್ಲ. ಅಮ್ಮ ಕರೆಯುತ್ತಲೇ ಇದ್ದಳು. ನಾನು ಅಲ್ಲಾಡಿಸುತ್ತಲೇ ಇದ್ದೆ. ಆಮೇಲೆ ಆ ಕೆಂಪು ಕತ್ತಲಿನ ಒಂದು ಅಂಚಿನಲ್ಲಿ ಬೆಳಕಿನ ಗೆರೆ ಮೂಡಿತು.